ಹಾಸ್ಟೆಲ್ ಕಸದಲ್ಲಿ ಟಪೆಂಟಡಾಲ್, ನೈಟ್ರಜೆಪಾಮ್ ಖಾಲಿ ಸ್ಟ್ರಿಪ್: ಮೊದಲು ಏನು ಮಾಡಬೇಕು?

ವಾರ್ಡನ್_ಮಧ್ಯಕರ್ನಾಟಕ

ಎಲ್ಲರಿಗೂ ನಮಸ್ಕಾರ. ಡಿಗ್ರಿ ಹುಡುಗರ ಹಾಸ್ಟೆಲ್. ಎರಡನೇ ಮಹಡಿಯ ಬಾತ್‌ರೂಮ್ ಕಸದಲ್ಲಿ ಟಪೆಂಟಡಾಲ್ 100 ಮಿ.ಗ್ರಾಂ ಖಾಲಿ ಸ್ಟ್ರಿಪ್ ಆರು, ನೈಟ್ರಜೆಪಾಮ್ 10 ಮಿ.ಗ್ರಾಂ ಎರಡು, ಸೂಜಿ ಇಲ್ಲದ 2 ಎಂ.ಎಲ್. ಸಿರಿಂಜ್ ಒಂದು ಸಿಕ್ಕಿವೆ. ಗಾಂಜಾ ಆದರೆ ವಾಸನೆ ಹೇಳಿಬಿಡುತ್ತೆ, ಇದಕ್ಕೆ ಅದೂ ಇಲ್ಲ. ಯಾರಿರಬಹುದು ಅಂತ ಅಂದಾಜಿದೆ, ಖಾತ್ರಿ ಇಲ್ಲ. ಎಲ್ಲರೂ 18 ದಾಟಿದವರು.

ಕೇಳಬೇಕಾದ್ದು ಇಷ್ಟು:

1. ಸ್ಟ್ರಿಪ್‌ಗಳನ್ನು ಎಸೆಯಬೇಕೋ ಇಟ್ಟುಕೊಳ್ಳಬೇಕೋ?
2. ಆನ್‌ಲೈನ್‌ನಲ್ಲಿ ಸಿಗುವ ಮೂತ್ರ ಪರೀಕ್ಷೆ ಕಿಟ್ ತರಿಸಿದರೆ ಪ್ರಯೋಜನ ಉಂಟಾ?
3. ಕಮಿಟಿಯಲ್ಲಿ ಒಬ್ಬರು "ನಾಲ್ಕು ದಿನ ರೂಮಲ್ಲಿ ಕೂಡಿಹಾಕಿ, ತಾನೇ ಬಿಡ್ತಾನೆ" ಅಂತಾರೆ. ಇನ್ನೊಬ್ಬರು ರಾತ್ರೋರಾತ್ರಿ ಗಾಡಿ ತಂದು ಕರೆದೊಯ್ಯುವ ಖಾಸಗಿ ವ್ಯಸನಮುಕ್ತಿ ಕೇಂದ್ರದ ನಂಬರ್ ಕೊಟ್ಟಿದ್ದಾರೆ. ಯಾವುದು ಸರಿ?
4. ಪೊಲೀಸರಿಗೆ ಹೇಳಿದರೆ ಹುಡುಗನ ಮೇಲೆ ಕೇಸ್ ಆಗುತ್ತಾ? ಹೇಳದಿದ್ದರೆ ನಮ್ಮ ಮೇಲೆ ಬರುತ್ತಾ?
5. ರಾತ್ರಿ ಯಾರಾದರೂ ಎಬ್ಬಿಸಿದರೂ ಏಳದಿದ್ದರೆ ಆಂಬುಲೆನ್ಸ್ ಬರುವ ತನಕ ಏನು ಮಾಡೋದು?

ಉಪದೇಶ ಬೇಡ, ಅದನ್ನು ನಾವೇ ಧಾರಾಳವಾಗಿ ಮಾಡ್ತೀವಿ. ಮಾಡಬೇಕಾದ ಕೆಲಸ ಹೇಳಿ.

---

ತುರ್ತುವಾರ್ಡ್_ಸಿಸ್ಟರ್

ಉಳಿದ ನಾಲ್ಕನ್ನು ನಾಳೆ ನೋಡಿಕೊಳ್ಳಬಹುದು ಸರ್, ಐದನೆಯದು ಇವತ್ತು ರಾತ್ರಿಯೇ ಬೇಕಾಗಬಹುದು. ಟಪೆಂಟಡಾಲ್ ಓಪಿಯಾಯ್ಡ್ ಗುಂಪಿನ ನೋವಿನ ಮಾತ್ರೆ. ಮಿದುಳಿನಲ್ಲಿ ಅಫೀಮು, ಮಾರ್ಫಿನ್ ಹಿಡಿಯುವ ಜಾಗವನ್ನೇ ಹಿಡಿಯುತ್ತೆ. ನೈಟ್ರಜೆಪಾಮ್ ನಿದ್ರೆ ಮಾತ್ರೆ. ಎರಡೂ ಉಸಿರಾಟವನ್ನು ಕುಗ್ಗಿಸುತ್ತವೆ, ಒಟ್ಟಿಗೆ ಹೋದಾಗ ಅಪಾಯ ಎಷ್ಟೋ ಪಟ್ಟು ಹೆಚ್ಚು. ಮೇಲೆ ಮದ್ಯ ಬಿದ್ದರೆ ಕೇಳಲೇಬೇಡಿ. ಇಂಥ ಸಾವು ಗದ್ದಲವಿಲ್ಲದೆ ಆಗುತ್ತೆ. ಹುಡುಗ ಗೊರಗೊರ ಅನ್ನುತ್ತಾ ಮಲಗಿರುತ್ತಾನೆ, ರೂಮ್‌ಮೇಟ್‌ಗಳು "ಒಳ್ಳೆ ನಿದ್ದೆ ಹತ್ತಿದೆ" ಅಂತ ಲೈಟ್ ಆರಿಸಿ ಬಾಗಿಲು ಮುಂದೆ ಮಾಡಿಕೊಂಡು ಹೋಗಿರುತ್ತಾರೆ. ಆ ಗೊರಗೊರ ನಿದ್ದೆಯದಲ್ಲ, ನಾಲಿಗೆ ಹಿಂದಕ್ಕೆ ಬಿದ್ದು ಗಾಳಿದಾರಿ ಅರ್ಧ ಮುಚ್ಚಿದ ಶಬ್ದ. ರೂಮ್‌ಮೇಟ್‌ಗಳಿಗೆ ಮೊದಲು ಕಲಿಸಬೇಕಾದ್ದು ಇದನ್ನೇ.

ನೋಡುವ ಕ್ರಮ: ಹೆಸರು ಹಿಡಿದು ಜೋರಾಗಿ ಕೂಗಿ. ಏಳದಿದ್ದರೆ ಎದೆಮೂಳೆಯ ಮೇಲೆ ಬೆರಳಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿ. ಅದಕ್ಕೂ ಏಳದಿದ್ದರೆ 108ಕ್ಕೆ ಫೋನ್, ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಡಿ. ಆಮೇಲೆ ಉಸಿರು ಎಣಿಸಿ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20 ಇರಬೇಕು, 10ಕ್ಕಿಂತ ಕಡಿಮೆಯಾದರೆ ಉಸಿರು ಸಾಲುತ್ತಿಲ್ಲ ಅಂತಲೇ ಲೆಕ್ಕ. ತುಟಿಯ ಒಳಭಾಗ, ಉಗುರಿನ ಬುಡ ನೀಲಿಗಟ್ಟಿದೆಯಾ ನೋಡಿ. ನಮ್ಮ ಮೈಬಣ್ಣಕ್ಕೆ ಮುಖದಲ್ಲಿ ನೀಲಿ ಬೇಗ ಕಾಣಲ್ಲ. ಕಣ್ಣುಪಾಪೆ ಗುಂಡುಪಿನ್ನಿನ ತಲೆಯಷ್ಟಾಗಿದ್ದರೆ ಓಪಿಯಾಯ್ಡ್ ಅನ್ನುವುದು ಬಹುತೇಕ ಖಚಿತ. ಆದರೆ ಬೇರೆ ಮಾತ್ರೆ ಬೆರೆತಾಗ ಪಾಪೆ ಅಷ್ಟು ಕಿರಿದಾಗದೆಯೂ ಇರಬಹುದು, ಅದಕ್ಕಾಗಿ ಕಾಯಬೇಡಿ.

ಮಾಡಬೇಕಾದ್ದು: ಅಂಗಾತ ಮಲಗಿಸಿ, ಹಣೆ ಹಿಂದಕ್ಕೆ ಬಾಗಿಸಿ, ಗದ್ದ ಮೇಲೆತ್ತಿ. ಎಷ್ಟೋ ಸಲ ಇಷ್ಟಕ್ಕೇ ಗಾಳಿದಾರಿ ತೆರೆದುಕೊಳ್ಳುತ್ತೆ. ಉಸಿರು ಸಾಲದಿದ್ದರೆ ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಐದಾರು ಸೆಕೆಂಡಿಗೆ ಒಂದರಂತೆ ಊದಿ, ಎದೆ ಏರುತ್ತಾ ನೋಡಿ. ಉಸಿರು ಪೂರ್ತಿ ನಿಂತು ನಾಡಿ ಸಿಗದಿದ್ದರೆ ಎದೆ ಒತ್ತುವುದು: 30 ಒತ್ತಿ, 2 ಊದಿ, ವೇಗ ನಿಮಿಷಕ್ಕೆ 100ರಿಂದ 120. ಉಸಿರು ಸರಿಯಾಗಿದ್ದು ಎಚ್ಚರ ಮಾತ್ರ ಇಲ್ಲದಿದ್ದರೆ ಎಡಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲು ಮಡಚಿಸಿ. ವಾಂತಿಯಾದರೆ ಹೊರಗೆ ಬೀಳಬೇಕು, ಶ್ವಾಸಕೋಶಕ್ಕೆ ಹೋಗಬಾರದು.

ಉಪ್ಪುನೀರು, ಮಜ್ಜಿಗೆ, ನಿಂಬೆಹಣ್ಣಿನ ರಸ ಏನೂ ಬಾಯಿಗೆ ಹಾಕಬೇಡಿ. ನುಂಗುವ ಶಕ್ತಿಯೇ ಇರಲ್ಲ, ಎಲ್ಲ ಶ್ವಾಸಕೋಶಕ್ಕೆ ಇಳಿಯುತ್ತೆ. ತಲೆ ಮೇಲೆ ತಣ್ಣೀರು ಸುರಿಯುವುದು, ಕೆನ್ನೆಗೆ ಹೊಡೆದು ಇಬ್ಬರು ಹಿಡಿದು ನಡೆಸುವುದು ಕೂಡ ಬೇಡ. ಖಾಲಿ ಸ್ಟ್ರಿಪ್ ಆಂಬುಲೆನ್ಸ್‌ನವರ ಕೈಗೆ ಕೊಡಿ.

ಆಸ್ಪತ್ರೆಯಲ್ಲಿ ಓಪಿಯಾಯ್ಡ್ ಪ್ರಭಾವ ತಡೆಯುವ ನಲೋಕ್ಸೋನ್ ಕೊಡ್ತಾರೆ, 0.4 ಮಿ.ಗ್ರಾಂ ಆಂಪ್ಯೂಲ್. ಎರಡು ಮೂರು ನಿಮಿಷದಲ್ಲಿ ಉಸಿರು ಚೇತರಿಸದಿದ್ದರೆ ಮತ್ತೆ ಕೊಡಬೇಕು. ಎಡವಟ್ಟಾಗುವುದು ಇದರ ಮುಂದೆ: ಹುಡುಗ ಎದ್ದು ಕೂತ, ಕರೆದುಕೊಂಡು ಹೋಗ್ತೀವಿ ಅಂತ ಸ್ನೇಹಿತರು ಹೊರಡಿಸಿಬಿಡ್ತಾರೆ. ನಲೋಕ್ಸೋನ್ ಪ್ರಭಾವ 30ರಿಂದ 90 ನಿಮಿಷಕ್ಕೆ ಇಳಿಯುತ್ತೆ, ನುಂಗಿದ ಮಾತ್ರೆ ಮೈಯಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಇರುತ್ತೆ. ದಾರಿಯಲ್ಲೇ ಮತ್ತೆ ಉಸಿರು ಕುಗ್ಗಬಹುದು. ನೈಟ್ರಜೆಪಾಮ್‌ಗಂತೂ ನಲೋಕ್ಸೋನ್ ಏನೂ ಮಾಡಲ್ಲ. ಡಾಕ್ಟರ್ ಹೋಗಿ ಅನ್ನುವ ತನಕ ಬೆಡ್ ಬಿಡಿಸಬೇಡಿ.

ಇನ್ನೊಂದು ಮಾತು. ಸಿರಿಂಜ್ ಸಿಕ್ಕಿತು, ಸೂಜಿ ಎಲ್ಲಿ? ಅದು ಕಮೋಡ್ ಹಿಂದೆಯೋ, ಕಿಟಕಿ ಸಂದಿಯಲ್ಲೋ, ಕಸದ ಕವರಿನ ತಳದಲ್ಲೋ ಇದೆ. ಕಸ ತೆಗೆಯುವವರಿಗೆ ಇವತ್ತೇ ಹೇಳಿ: ಕವರನ್ನು ಕೈಯಿಂದ ಒತ್ತಬಾರದು, ದಪ್ಪ ಗ್ಲೌಸ್ ಬೇಕು, ಸೂಜಿ ಸಿಕ್ಕರೆ ಚಿಮಟದಿಂದ ಹಿಡಿದು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ. ಯಾರಿಗಾದರೂ ಚುಚ್ಚಿದರೆ ಹಿಂಡಬಾರದು, ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಸೀದಾ ಜಿಲ್ಲಾಸ್ಪತ್ರೆಗೆ. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟೂ ಎರಡು ಗಂಟೆಯೊಳಗೆ ಶುರು ಮಾಡಬೇಕು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. 28 ದಿನ ನುಂಗಬೇಕು.

---

ಫಾರ್ಮಸಿಸ್ಟ್_ತುಮಕೂರು

ಮೊದಲ ಪ್ರಶ್ನೆಗೆ: ಎಸೆಯಬೇಡಿ, ಮುದ್ದೆ ಮಾಡಬೇಡಿ. ಒಂದೊಂದನ್ನೂ ಬೇರೆ ಬೇರೆ ಪೇಪರ್ ಕವರ್‌ಗೆ ಹಾಕಿ ಮೇಲೆ ತಾರೀಖು, ಸಮಯ, ಸಿಕ್ಕ ಜಾಗ ಬರೆದಿಡಿ. ಎರಡೂ ಬದಿ ಫೋಟೊ ತೆಗೆಯಿರಿ.

ಹೊಳೆಯುವ ಬ್ರ್ಯಾಂಡ್ ಹೆಸರು ಬಿಟ್ಟು ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಓದಿ. ಎಡಮೂಲೆಯಲ್ಲಿ ಕೆಂಪು ಗುರುತು ನೋಡಿ. ಬರೀ 'ಆರ್‌ಎಕ್ಸ್' ಇದ್ದರೆ ಚೀಟಿ ಬೇಕಾದ ಔಷಧ. ಅದರ ಮೊದಲಿಗೆ 'ಎನ್' ಸೇರಿದ್ದರೆ ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತು ನಿಯಂತ್ರಣ ಕಾಯ್ದೆ) ವ್ಯಾಪ್ತಿಗೂ ಬರುತ್ತೆ. ನೈಟ್ರಜೆಪಾಮ್, ಆಲ್ಪ್ರಜೋಲಾಮ್ ಮೇಲೆ ಇರಬೇಕಾದ್ದು ಇದೇ. ಇನ್ನೊಂದು ಓಪಿಯಾಯ್ಡ್ ನೋವಿನ ಮಾತ್ರೆ ಟ್ರಮಡಾಲ್ 2018ರಲ್ಲಿ ಆ ಕಾಯ್ದೆಯ ಪಟ್ಟಿಗೆ ಸೇರಿತು. ಅಲ್ಲಿ ಬಿಗಿಯಾಗುತ್ತಿದ್ದಂತೆ ದಂಧೆ ಟಪೆಂಟಡಾಲ್ ಕಡೆ ಹೊರಳಿತು. ಒಂದು ಬಾಗಿಲು ಮುಚ್ಚಿದರೆ ಪಕ್ಕದ್ದು ತೆರೆಯುವ ಕತೆ ಇದು, ನಾಳೆ ನರನೋವಿಗೆ ಕೊಡುವ ಪ್ರೀಗ್ಯಾಬಲಿನ್ ಕ್ಯಾಪ್ಸೂಲ್ ಸಿಕ್ಕರೂ ಆಶ್ಚರ್ಯ ಬೇಡ.

ಬ್ಯಾಚ್ ನಂಬರ್ ಮುಖ್ಯ. ಕಂಪನಿಯಿಂದ ಹೋಲ್‌ಸೇಲ್‌ಗೆ, ಅಲ್ಲಿಂದ ಅಂಗಡಿಗೆ ಪ್ರತಿ ಬಿಲ್ಲಿನಲ್ಲೂ ಬ್ಯಾಚ್ ನಮೂದಾಗಿರುತ್ತೆ, ಆ ದಾರ ಹಿಡಿದರೆ ಯಾವ ಅಂಗಡಿ ಅಂತ ಗೊತ್ತಾಗುತ್ತೆ. ಬ್ಯಾಚ್ ಇರುವ ತುದಿಯನ್ನು ಬೇಕಂತಲೇ ಕತ್ತರಿಸಿ ಎಸೆದಿದ್ದರೆ ಅದನ್ನೂ ಬರೆದಿಡಿ. ದೂರು ಕೊಡಬೇಕಾದ್ದು ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ. ಶೆಡ್ಯೂಲ್ ಎಚ್1 (ಮಾರಾಟದ ಮೇಲೆ ಹೆಚ್ಚು ನಿಗಾ ಇರುವ ಪಟ್ಟಿ) ಔಷಧ ಮಾರಿದರೆ ಬರೆದ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲ ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. ನೈಟ್ರಜೆಪಾಮ್ ಆ ಪಟ್ಟಿಯಲ್ಲಿದೆ. ಖರೀದಿ ಬಿಲ್ಲಿನಲ್ಲಿ 500 ಮಾತ್ರೆ, ರಿಜಿಸ್ಟರ್‌ನಲ್ಲಿ 60 ಅಂತಿದ್ದರೆ ಇನ್ಸ್‌ಪೆಕ್ಟರ್‌ಗೆ ಬೇರೆ ಸಾಕ್ಷಿ ಬೇಕಾಗಲ್ಲ.

ಸಿರಿಂಜ್ ಬಗ್ಗೆ ಸಿಸ್ಟರ್ ಹೇಳಿದ್ದಕ್ಕೆ ಸೇರಿಸುವುದು: ಮಾತ್ರೆ ಅಂದರೆ ಬರೀ ಔಷಧವಲ್ಲ. ಆಕಾರ ನಿಲ್ಲಲು ಟಾಲ್ಕ್, ಸೆಲ್ಯುಲೋಸ್, ಪಿಷ್ಟ ಸೇರಿಸಿರುತ್ತಾರೆ. ಇವು ನೀರಲ್ಲಿ ಕರಗಲ್ಲ. ರಕ್ತಕ್ಕೆ ಹೋದರೆ ಸಣ್ಣ ರಕ್ತನಾಳಗಳಲ್ಲಿ, ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತವೆ. ತಪ್ಪಿ ಅಪಧಮನಿಗೆ ಹೋದರೆ ಬೆರಳು ಕಪ್ಪಾಗಿ ಕೊಳೆತು ಕತ್ತರಿಸಬೇಕಾಗುತ್ತೆ. ಕೈ ಊತ, ಕೀವು, ಬಿಡದ ಜ್ವರ ಇದ್ದರೆ ಹೃದಯದ ಕವಾಟಕ್ಕೆ ಸೋಂಕು ತಗುಲಿದೆಯೇ ಅಂತಲೂ ನೋಡಿಸಬೇಕು. ಸೋಸಿದರೆ ಸರಿಹೋಗುತ್ತೆ ಅನ್ನುವ ನಂಬಿಕೆ ಹುಡುಗರಲ್ಲಿದೆ, ಸುಳ್ಳು.

---

ಲ್ಯಾಬ್_ಧಾರವಾಡ

ಕಿಟ್ ವಿಚಾರಕ್ಕ ಅಷ್ಟ ಹೇಳ್ತೀನ್ರಿ. ಐದು ಪಟ್ಟಿ ಇರೋ ಕಿಟ್ ತರಿಸಿದ್ರ ಸಾಮಾನ್ಯವಾಗಿ ಗಾಂಜಾ, ಮಾರ್ಫಿನ್, ನಿದ್ದಿ ಮಾತ್ರಿ, ಆಂಫೆಟಮಿನ್, ಕೊಕೇನ್ ನೋಡ್ತದ. ಮಾರ್ಫಿನ್ ಪಟ್ಟಿ ಟಪೆಂಟಡಾಲ್ ಹಿಡಿಯಂಗಿಲ್ಲ, ಟ್ರಮಡಾಲೂ ಹಿಡಿಯಂಗಿಲ್ಲ. ಹಂಗಾಗಿ ನಿಮ್ಮ ಕೇಸಿನ್ಯಾಗ ಕಿಟ್ "ಏನೂ ಇಲ್ಲ" ಅಂದ್ರೂ ಅದಕ್ಕ ಅರ್ಥ ಇಲ್ಲ. ನಿದ್ದಿ ಮಾತ್ರಿ ಪಟ್ಟಿನೂ ಅಷ್ಟ, ಕ್ಲೊನಜೆಪಾಮ್ ಭಾಳ ಸಲ ತಪ್ಪಸ್ತದ.

ಉಲ್ಟಾನೂ ಆಗ್ತದ. ಹಬ್ಬಕ್ಕ ಮನಿಗೆ ಹೋಗಿ ಗಸಗಸೆ ಪಾಯಸ ಕುಡದು ಬಂದ ಹುಡುಗಂದು ಮಾರ್ಫಿನ್ ಪಾಸಿಟಿವ್ ಬರಬಹುದು. 300 ನ್ಯಾನೋಗ್ರಾಂ ಕಟ್-ಆಫ್ (ಇದರ ಮ್ಯಾಲಿದ್ರ ಪಾಸಿಟಿವ್ ಅನ್ನೋ ಮಿತಿ) ಇರೋ ಪಟ್ಟಿಗೆ ಒಂದು ಲೋಟ ಪಾಯಸ ಸಾಕಾದೀತು, ಅದಕ್ಕ ಎಷ್ಟೋ ಕಡೆ ಕಟ್-ಆಫ್ 2000ಕ್ಕ ಏರಿಸ್ಯಾರ. ಗಾಂಜಾ ಒಮ್ಮೆ ಸೇದಿದ್ರ ಮೂರು ದಿನದ ತನಕ, ದಿನಾ ಸೇದೋರಿಗೆ ತಿಂಗಳ ತನಕಾನೂ ಬರ್ತದ. ಪಟ್ಟಿಯ ಮ್ಯಾಲ ಗೆರಿ ಕಂಡ ಕೂಡಲೆ ಟಿ.ಸಿ. ಕೊಟ್ಟು ಕಳಸೋದು ಅನ್ಯಾಯ. ಮಾಸ್ ಸ್ಪೆಕ್ಟ್ರೋಮೆಟ್ರಿ ಖಾತ್ರಿ ಪರೀಕ್ಷೆ ಇಲ್ಲದ ಯಾವುದೂ ಪುರಾವೆ ಅಲ್ಲ. ಕಿಟ್ಟಿನ ರೊಕ್ಕ ಉಳಸ್ರಿ.

---

ಮನೋವೈದ್ಯ_ಜಿಲ್ಲಾಸ್ಪತ್ರೆ

ಕೂಡಿಹಾಕುವ ಯೋಚನೆಯನ್ನು ಕಮಿಟಿ ಇಂದೇ ಕೈಬಿಡಲಿ. ನಿಮ್ಮ ಕೈಯಲ್ಲಿರುವುದು ಎರಡು ಬೇರೆ ಬೇರೆ ಮಾತ್ರೆ, ಎರಡನ್ನೂ ಬಿಡಿಸುವ ದಾರಿ ಬೇರೆ. ಎಲ್ಲ ನಶೆಯೂ ಒಂದೇ, ಮನಸ್ಸು ಗಟ್ಟಿ ಇದ್ದರೆ ಸಾಕು ಎಂದು ನಡೆದರೆ ತೊಂದರೆಯಾಗುವುದು ಹುಡುಗನಿಗೆ.

ಟಪೆಂಟಡಾಲ್ ದಿನವೂ ನುಂಗುತ್ತಿದ್ದವನು ನಿಲ್ಲಿಸಿದರೆ ಅರ್ಧ ದಿನದೊಳಗೆ ಆಕಳಿಕೆ, ಮೂಗು–ಕಣ್ಣಲ್ಲಿ ನೀರು, ಮೈ ಜುಮ್ಮೆಂದು ರೋಮ ನಿಲ್ಲುವುದು ಶುರು. ಆಮೇಲೆ ಹೊಟ್ಟೆನುಲಿತ, ಭೇದಿ, ಕಾಲು ಸೆಳೆತ, ನಿದ್ದೆಗೇಡು. ಎರಡು ಮೂರನೇ ದಿನ ತುತ್ತತುದಿ, ವಾರ–ಹತ್ತು ದಿನಕ್ಕೆ ಇಳಿಯುತ್ತದೆ. ಹಿಂಸೆ ವಿಪರೀತ, ಆರೋಗ್ಯವಂತ ಯುವಕನ ಜೀವಕ್ಕೆ ಅಪಾಯ ಸಾಮಾನ್ಯವಾಗಿ ಕಡಿಮೆ, ಭೇದಿ–ವಾಂತಿಯಲ್ಲಿ ನೀರಿನಂಶ ಹೋಗದಂತೆ ನೋಡಿಕೊಂಡರೆ.

ನೈಟ್ರಜೆಪಾಮ್ ಹಾಗಲ್ಲ. ತಿಂಗಳುಗಟ್ಟಲೆ ತೆಗೆದುಕೊಂಡವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಗಲಿಬಿಲಿಯಾಗಿ ಇಲ್ಲದ್ದು ಕಾಣಿಸಬಹುದು, ಪ್ರಾಣವೂ ಹೋಗಬಹುದು. ಮಾತ್ರೆಯ ಅರ್ಧಭಾಗ ಮೈಯಿಂದ ಇಳಿಯಲು ಸುಮಾರು ಒಂದು ದಿನ ಬೇಕು. ಹಾಗಾಗಿ ಮೊದಲ ಒಂದೆರಡು ದಿನ ಶಾಂತವಾಗಿದ್ದವನಿಗೆ ನಾಲ್ಕನೇ ದಿನವೋ ವಾರದ ಕೊನೆಗೋ ಫಿಟ್ಸ್ ಬರಬಹುದು. ನಿಮ್ಮ ಕಮಿಟಿಯ ಲೆಕ್ಕದಲ್ಲಿ ಅದು ಬಾಗಿಲು ತೆಗೆಯುವ ದಿನ. ಇದನ್ನು ನಿಧಾನಕ್ಕೆ ಇಳಿಸಬೇಕು: ಅದೇ ಗುಂಪಿನ ಡಯಜೆಪಾಮ್‌ಗೆ ಬದಲಿಸಿ, ಒಂದೆರಡು ವಾರಕ್ಕೊಮ್ಮೆ ಸುಮಾರು ಶೇ 10ರಷ್ಟು. ಎಷ್ಟು, ಯಾವಾಗ ಎಂಬುದನ್ನು ವೈದ್ಯರು ನೋಡಿಯೇ ಹೇಳಬೇಕು.

ಓಪಿಯಾಯ್ಡ್ ಚಟ ಬಲವಾಗಿದ್ದರೆ ಬ್ಯುಪ್ರೆನಾರ್ಫಿನ್ ಒಳ್ಳೆಯ ಔಷಧ, ಇದೂ ಓಪಿಯಾಯ್ಡ್ ಗುಂಪಿನದೇ. ನಾಲಿಗೆಯ ಕೆಳಗಿಡುವ ಮಾತ್ರೆ, ಕರಗಲು ಐದರಿಂದ ಹತ್ತು ನಿಮಿಷ. ನುಂಗಿಬಿಟ್ಟರೆ ಹೆಚ್ಚಿನಂಶ ವ್ಯರ್ಥ. ಕಷ್ಟದ ಲಕ್ಷಣ ಕಾಣಿಸಿಕೊಂಡ ಮೇಲೆಯೇ ಮೊದಲ ಡೋಸ್. ಕೊನೆಯ ಟಪೆಂಟಡಾಲ್ ನುಂಗಿ ಎರಡು ಗಂಟೆಗೆ ಇದನ್ನು ಕೊಟ್ಟರೆ, ಮಿದುಳಿನಲ್ಲಿ ಅದು ಹಿಡಿದ ಜಾಗದಿಂದ ಟಪೆಂಟಡಾಲನ್ನು ಒಮ್ಮೆಲೇ ತಳ್ಳಿಹಾಕಿ ಎಲ್ಲ ಕಷ್ಟವನ್ನೂ ಅರ್ಧ ಗಂಟೆಯಲ್ಲಿ ತಂದಿಡುತ್ತದೆ. "ಆ ಔಷಧ ನನಗೆ ಆಗಲ್ಲ" ಎಂದು ಹುಡುಗರು ಚಿಕಿತ್ಸೆ ಬಿಡಲು ಇದೂ ಒಂದು ಕಾರಣ. ಹಾಗಾಗಿ ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿಸಿ. ಸೂಜಿ ಬಳಸುವವರಿಗೆ ನ್ಯಾಕೋದ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಓಎಸ್‌ಟಿ, ಅಂದರೆ ಓಪಿಯಾಯ್ಡ್ ಬದಲಿ ಚಿಕಿತ್ಸೆಯ ಕೇಂದ್ರಗಳಲ್ಲಿ ಇದು ಉಚಿತ, ಸಾಮಾನ್ಯವಾಗಿ ದಿನಾ ಸಿಬ್ಬಂದಿಯ ಎದುರಿಗೇ ತೆಗೆದುಕೊಳ್ಳಬೇಕು. "ಒಂದು ನಶೆ ಬಿಡಿಸಲು ಇನ್ನೊಂದು ನಶೆ" ಎಂಬ ಗೊಣಗಾಟ ಕೇಳುತ್ತೀರಿ, ಲಕ್ಷ್ಯ ಕೊಡಬೇಡಿ. ಹತ್ತು ದಿನ ಕೊಟ್ಟು ನಿಲ್ಲಿಸಿದರೆ ಬಹುತೇಕರು ಹಳೆಯ ದಾರಿಗೇ ಮರಳುತ್ತಾರೆ. ತಿಂಗಳುಗಳ, ಎಷ್ಟೋ ಸಲ ವರ್ಷಕ್ಕೂ ಮೀರಿದ ಚಿಕಿತ್ಸೆ ಇದು.

ಸೂಜಿ ಬಳಸಿದವರಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಆಗಲೇಬೇಕು. ಹೆಪಟೈಟಿಸ್ ಸಿ ಇದ್ದರೂ ಸಾಮಾನ್ಯವಾಗಿ 12 ವಾರದ ಮಾತ್ರೆಗಳಲ್ಲಿ ಗುಣವಾಗುತ್ತದೆ, ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತ.

ಎಲ್ಲಿಗೆ? ಮೊದಲು ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಇರುತ್ತದೆ. ಜಟಿಲವಾದರೆ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಉತ್ತರದವರಿಗೆ ಧಾರವಾಡದ ಡಿಮ್ಹಾನ್ಸ್. ಫೋನಿನಲ್ಲಿ ಸಲಹೆ ಬೇಕಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416. ರಾತ್ರಿ ಗಾಡಿ ತಂದು ಎತ್ತಿಕೊಂಡು ಹೋಗುವ ಕೇಂದ್ರದವರಿಗೆ ಮೂರು ಪ್ರಶ್ನೆ ಕೇಳಿ: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಸಂಖ್ಯೆ ಏನು, ಫಿಟ್ಸ್ ಬಂದರೆ ರಾತ್ರಿ ನೋಡುವ ವೈದ್ಯರು ಯಾರು, ಬ್ಯುಪ್ರೆನಾರ್ಫಿನ್ ಕೊಡುತ್ತೀರಾ. ತಡವರಿಸಿದರೆ ಫೋನ್ ಇಡಿ.

---

ವಕೀಲ_ಮೈಸೂರು

ನಾಲ್ಕನೆಯದಕ್ಕೆ. ಎನ್‌ಡಿಪಿಎಸ್ ಕಾಯ್ದೆ 1985ರ ಕಲಂ 27 ಸೇವನೆಗೆ ಶಿಕ್ಷೆ ಹೇಳುತ್ತದೆ: ಹೆರಾಯಿನ್, ಮಾರ್ಫಿನ್, ಕೊಕೇನ್‌ನಂಥವಕ್ಕೆ 1 ವರ್ಷದವರೆಗೆ, ಉಳಿದವಕ್ಕೆ 6 ತಿಂಗಳವರೆಗೆ. ಜನಕ್ಕೆ ಗೊತ್ತಿಲ್ಲದ್ದು ಕಲಂ 64ಎ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಆದ್ದರಿಂದ ಆಸ್ಪತ್ರೆಯ ಒಪಿಡಿ ಚೀಟಿಯಿಂದ ಹಿಡಿದು ಪ್ರತಿಯೊಂದು ಕಾಗದವನ್ನೂ ಜೋಪಾನ ಮಾಡಿ.

ನಿಮಗೆ ಸಂಬಂಧಿಸಿದ್ದು ಕಲಂ 25: ಕಟ್ಟಡದ ಉಸ್ತುವಾರಿ ಇರುವವರು ಗೊತ್ತಿದ್ದೂ ಅಲ್ಲಿ ಅಪರಾಧ ನಡೆಯಲು ಬಿಟ್ಟರೆ ಅವರೂ ಹೊಣೆ. ಮುಖ್ಯವಾದ ಮಾತು "ಗೊತ್ತಿದ್ದೂ". ಸ್ಟ್ರಿಪ್ ಸಿಕ್ಕ ದಿನವೇ ಪ್ರಾಂಶುಪಾಲರಿಗೆ ಲಿಖಿತ ವರದಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅಂದಾಜಿನ ಹೆಸರು ಅದರಲ್ಲಿ ಬೇಡ. ಯಾರೋ ಮಾರುತ್ತಿದ್ದಾರೆ ಎಂಬ ಮಾಹಿತಿ ಇದ್ದರೆ ಅದು ಪೊಲೀಸರಿಗೆ ಹೋಗಬೇಕಾದ್ದೇ, ಬಚ್ಚಿಡಬೇಡಿ. ಸೇವಿಸುವವನು, ಮಾರುವವನು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬೇಡ.

ಹುಡುಗ 18 ದಾಟಿದವನು. ಒಪ್ಪಿಗೆ ಇಲ್ಲದೆ ದಾಖಲಿಸಲು ಹಾಸ್ಟೆಲ್‌ಗೆ ಅಧಿಕಾರವೇ ಇಲ್ಲ. ಮಾನಸಿಕ ಆರೋಗ್ಯ ಕಾಯ್ದೆ 2017ರ ಕಲಂ 89ರಲ್ಲಿ ದಾರಿ ಇದೆ: ಅವನ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿ, ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಬೇಕು, ಅವರಲ್ಲೊಬ್ಬರು ಮನೋವೈದ್ಯರೇ ಆಗಿರಬೇಕು, ಗರಿಷ್ಠ 30 ದಿನ. ಸರಪಳಿ ಹಾಕುವುದು ಕಲಂ 95ರಲ್ಲಿ ನಿಷಿದ್ಧ. ಚಿಕಿತ್ಸೆಯ ವಿವರ ಗೋಪ್ಯ, ನೋಟಿಸ್ ಬೋರ್ಡಿಗೆ ಹಾಕುವಂಥದ್ದಲ್ಲ.

---

ಎನ್ಎಸ್ಎಸ್_ಮಾಸ್ತರ್

ಸಣ್ಣ ತಕರಾರು. ಕಾಲೇಜಿನ ಜಾಗೃತಿ ಕಾರ್ಯಕ್ರಮಗಳಲ್ಲಿ ಮುಕ್ಕಾಲು ಪಾಲು ಗಾಂಜಾ, ಕೊಕೇನ್ ಚಿತ್ರಗಳೇ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಏಮ್ಸ್ ಮಾಡಿದ 2019ರ ವರದಿ ನೋಡಿ: ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ, ಗಾಂಜಾ–ಭಂಗಿ 3.1 ಕೋಟಿ, ಓಪಿಯಾಯ್ಡ್ 2.26 ಕೋಟಿ, ವೈದ್ಯರ ಚೀಟಿ ಇಲ್ಲದೆ ನಿದ್ರೆ ಮಾತ್ರೆ 1.18 ಕೋಟಿ. ಸೂಜಿ ಬಳಸುವವರು 8.5 ಲಕ್ಷ. ಮದ್ಯಕ್ಕೆ ಅಂಟಿಕೊಂಡವರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು 38ರಲ್ಲಿ ಒಬ್ಬರಿಗೆ. ಮೆಡಿಕಲ್ ಶಾಪಿನ ಮಾತ್ರೆಯ ಬಗ್ಗೆ ಪೋಸ್ಟರ್ ಮಾಡಿಸಿದವರು ಯಾರು?

ಅದೇ ವರದಿಯಲ್ಲಿ ಪಂಕ್ಚರ್ ಸಲ್ಯೂಷನ್, ವೈಟ್ನರ್ ಮೂಸುವುದು ಮಾತ್ರ ದೊಡ್ಡವರಿಗಿಂತ 10–17ರ ಮಕ್ಕಳಲ್ಲಿ ಹೆಚ್ಚು: ಶೇ 1.17. ಇಲ್ಲೊಂದು ವಿಷಯ ವಾರ್ಡನ್‌ಗಳಿಗೂ ಬೇಕು. ಮೂಸಿದ ಹುಡುಗನನ್ನು ಗದರಿಸಿ ಅಟ್ಟಿಸಿಕೊಂಡು ಹೋಗಬೇಡಿ. ಆ ರಾಸಾಯನಿಕಗಳಿಂದ ಹೃದಯ ಅಡ್ರಿನಲಿನ್‌ಗೆ ಅತಿಯಾಗಿ ಸ್ಪಂದಿಸುವ ಸ್ಥಿತಿಯಲ್ಲಿರುತ್ತದೆ, ಬೆಚ್ಚಿ ಓಡಿದಾಗ ಬಡಿತ ತಪ್ಪಿ ಅಲ್ಲೇ ಕುಸಿಯಬಹುದು. ಕಿಟಕಿ ತೆರೆದು, ಮೆಲ್ಲಗೆ ಮಾತಾಡಿ ಕೂರಿಸಿ.

---

ವಾರ್ಡನ್_ಮಧ್ಯಕರ್ನಾಟಕ

ಎಲ್ಲರಿಗೂ ಧನ್ಯವಾದ. ಕೂಡಿಹಾಕುವುದು, ಗಾಡಿ ಎರಡೂ ರದ್ದು. ಪ್ರಾಂಶುಪಾಲರಿಗೆ ವರದಿ ಸಿದ್ಧವಾಗುತ್ತಿದೆ, ಬಾತ್‌ರೂಮ್ ಹುಡುಕಾಟಕ್ಕೂ ಗ್ಲೌಸ್ ತರಿಸಿದ್ದೇವೆ. ಒಂದು ಉಳಿಯಿತು. ಹುಡುಗ ಚಿಕಿತ್ಸೆ ಮುಗಿಸಿ ತಿಂಗಳ ಮೇಲೆ ವಾಪಸ್ ಬಂದರೆ ಏನು ನೋಡಿಕೊಳ್ಳಬೇಕು? ನಲೋಕ್ಸೋನ್ ಹಾಸ್ಟೆಲ್‌ನಲ್ಲಿ ಇಟ್ಟುಕೊಳ್ಳಬಹುದಾ?

---

ತುರ್ತುವಾರ್ಡ್_ಸಿಸ್ಟರ್

ವಾಪಸ್ ಬಂದ ಮೊದಲ ವಾರಗಳೇ ಹೆಚ್ಚು ಅಪಾಯದವು ಸರ್. ಮುಂಚೆ ಎಷ್ಟು ಮಾತ್ರೆ ಮೈಗೆ ತಡೆಯುತ್ತಿತ್ತೋ ಆ ತಾಳಿಕೆ ತಿಂಗಳಲ್ಲಿ ಇಳಿದಿರುತ್ತೆ, ನೆನಪು ಮಾತ್ರ ಹಳೆಯ ಲೆಕ್ಕದ್ದೇ. ಒಮ್ಮೆ ಜಾರಿ ಹಳೆಯ ಲೆಕ್ಕದಲ್ಲೇ ನುಂಗಿದರೆ ಉಸಿರು ನಿಲ್ಲುತ್ತೆ. ಜೈಲಿನಿಂದ, ವ್ಯಸನಮುಕ್ತಿ ಕೇಂದ್ರದಿಂದ ಹೊರಬಂದವರು ಸಾಯುವುದು ಹೆಚ್ಚಾಗಿ ಹೀಗೆ. ಇದನ್ನು ಅವನಿಗೆ ನೇರವಾಗಿ ಹೇಳಿ, ಹೇಳಿದರೆ ಆಸೆ ಹುಟ್ಟುತ್ತೆ ಅಂತ ಹೆದರಬೇಡಿ. ಒಂಟಿ ರೂಮ್ ಕೊಡಬೇಡಿ, ಬಾತ್‌ರೂಮ್ ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂತಿರಲಿ. ಫಾಲೋಅಪ್ ದಿನ ಕ್ಲಾಸ್ ತಪ್ಪಿದರೆ ಅಟೆಂಡೆನ್ಸ್‌ಗೆ ತೊಂದರೆಯಾಗದಂತೆ ಪ್ರಾಂಶುಪಾಲರ ಹತ್ತಿರ ಮೊದಲೇ ಮಾತಾಡಿಡಿ, ಆ ಒಂದು ಕಾರಣಕ್ಕೇ ಔಷಧಿ ತಪ್ಪಿಸುವ ಹುಡುಗರಿದ್ದಾರೆ.

ನಲೋಕ್ಸೋನ್ ನಮ್ಮಲ್ಲಿ ಹೆಚ್ಚಾಗಿ ಇಂಜೆಕ್ಷನ್ ಆಂಪ್ಯೂಲ್, ಚೀಟಿ ಬೇಕು. ನರ್ಸ್ ಇರುವ ಕಾಲೇಜು ಆರೋಗ್ಯ ಕೇಂದ್ರ ಇದ್ದರೆ ಅಲ್ಲಿನ ವೈದ್ಯರ ಹೆಸರಲ್ಲಿ ನಾಲ್ಕು ಆಂಪ್ಯೂಲ್, ಸಿರಿಂಜ್ ಇಡಿಸಿ. ಬೆಳಕು ತಾಗದ ಡಬ್ಬಿ, ಮೇಲೆ ಎಕ್ಸ್‌ಪೈರಿ ತಾರೀಖು ದೊಡ್ಡಕ್ಷರದಲ್ಲಿ. ಕೇಂದ್ರ ಇಲ್ಲದಿದ್ದರೆ ಆ ದುಡ್ಡಿಗೆ ಬಾಯಿಗೆ ಬಾಯಿಟ್ಟು ಊದುವ ಪಾಕೆಟ್ ಮಾಸ್ಕ್ ಮಹಡಿಗೊಂದು ತರಿಸಿ, ವಾಚ್‌ಮನ್ ಸೇರಿ ಎಲ್ಲ ಸಿಬ್ಬಂದಿಗೂ ಗದ್ದ ಎತ್ತುವುದು, ಊದುವುದು ಒಂದು ಮಧ್ಯಾಹ್ನ ಕಲಿಸಿ. ರಾತ್ರಿ ಮೊದಲು ಬಾಗಿಲು ಬಡಿಯುವವನು ವಾಚ್‌ಮನ್ನೇ ಅಲ್ವಾ.